ಹಿಂಭಾಗ ತಗ್ಗಿಸಿ ಕೂರುವ ದೋಣಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ದೋಣಿಯಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಬಳಿ ದೋಣಿಯೇನೂ ಇರಲಿಲ್ಲ. ಇದ್ದದ್ದು ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿಗೆ ಒತ್ತಿಕೊಂಡ ಉದ್ದನೆಯ ಒಂದು ಮೇಜು. ಮೇಜಿನ ಈ ತುದಿಯಲ್ಲಿ ಅವಳು ಕೂತು ದೋಣಿಗಳ ಬಗ್ಗೆ ಬರೆಯುತ್ತಿದ್ದಳು. ಆ ತುದಿಯಲ್ಲಿ ಅವಳ ಗಂಡ, ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು ಹಲ್ಲಿನ ಸೆಟ್ಟುಗಳನ್ನು ಉಜ್ಜುತ್ತಿದ್ದ. ನಡುವೆ ಸದಾ ಬಿಳಿ ಪುಡಿ. ಅವಳ ಕೀಬೋರ್ಡನ್ನು ಬೋರಲು ಹಾಕಿ ಕೊಡವಿದರೆ ಒಂದು ದವಡೆಗಾಗುವಷ್ಟು ಸಾಮಾನು ಉದುರುತ್ತಿತ್ತು.

ದೋಣಿ ವಿಮರ್ಶೆ ಎನ್ನುವ ಕಸುಬೊಂದಿದೆ ಎಂದರೆ ಕೇಳಿದವರೆಲ್ಲ ಮೊದಲು ನಗುತ್ತಾರೆ. ನಗಲಿ. ಸ್ವಂತಕ್ಕೊಂದು ಸಣ್ಣ ದೋಣಿ ಕೊಳ್ಳಲು ಹೊರಟವನಿಗೆ ಗೊತ್ತು ಅದರ ಫಜೀತಿ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ವಿಮರ್ಶೆಗಳು ರಾಶಿ ಬಿದ್ದಿವೆ, ಒಂದೊಂದರ ಹಿಂದೆಯೂ ಒಬ್ಬ ಮಾರಾಟಗಾರ ಕೂತು ತುತ್ತೂರಿ ಊದುತ್ತಿರುತ್ತಾನೆ. ದೋಣಿಯಕ್ಕ ಬರೆಯುತ್ತಿದ್ದ ಜಾಲತಾಣ ಹಾಗಲ್ಲ. ಅಲ್ಲಿ ಓದುವವರೇ ಚಂದಾ ಕಟ್ಟಬೇಕು. ಕಟ್ಟದವರಿಗೆ ನಾಲ್ಕು ಸಾಲು ಕಾಣಿಸಿ ಲೇಖನ ಮುಚ್ಚಿಕೊಳ್ಳುತ್ತದೆ. ಕಟ್ಟಿದವರಿಗೆ ಜಾಹೀರಾತಿನ ಕಾಟವಿಲ್ಲ, ಕೆಳಗಡೆ ಓದುಗರ ಕಿತ್ತಾಟವೂ ಇಲ್ಲ. ದುಡ್ಡು ಕೊಟ್ಟವರಿಗೆ ಗಲಾಟೆ ಬೇಡ ಎಂದು ಸಂಪಾದಕರು ಕಾಮೆಂಟುಗಳನ್ನೇ ತೆಗೆಸಿಬಿಟ್ಟಿದ್ದರು. ಇನ್ನು ದೋಣಿಯಕ್ಕನಂತೂ ದೋಣಿ ಮಾಡುವವರ ಕೈಯಿಂದ ಒಂದು ಲೋಟ ಚಹಾ ಕೂಡ ಕುಡಿಯುವವಳಲ್ಲ. ಹನ್ನೊಂದು ವರ್ಷ ನೀರಿನ ಮೇಲಿನ ಚಳಿಗೆ ನಡುಗಿದ್ದಾಳೆ, ಕುಡಿದಿಲ್ಲ.

"ಅಷ್ಟು ದುಡ್ಡು ಕೊಟ್ಟು ಓದ್ತಾರಲ್ಲ, ಅವರಿಗೇನು ಸಿಗುತ್ತೆ?" ಎಂದು ಗಂಡ ಆಗಾಗ ಕೆಣಕುತ್ತಿದ್ದ.

"ನಿಜ ಸಿಗುತ್ತೆ ರೀ."

"ಪುಕ್ಕಟೆ ಓದೋನು ಹತ್ತು ಕಡೆ ಓದ್ತಾನೆ, ಯಾರನ್ನೂ ಪೂರ್ತಿ ನಂಬಲ್ಲ. ದುಡ್ಡು ಕೊಟ್ಟೋನು ಒಂದೇ ಕಡೆ ಓದಿ ಕಣ್ಮುಚ್ಚಿ ನಂಬಿಬಿಡ್ತಾನೆ. ನಂಗ್ಯಾಕೋ ಈ ಎರಡನೇವನ ಮೇಲೇನೇ ಕನಿಕರ."

"ನೀವು ನಿಮ್ಮ ಹಲ್ಲು ನೋಡ್ಕೊಳ್ಳಿ," ಎಂದು ಅವಳು ಮಾತು ಮುಗಿಸುತ್ತಿದ್ದಳು.

ಅವಳು ಕೆಲಸ ಮಾಡುವ ರೀತಿಯೂ ಒಂದು ಥರ. ಬಂದವಳೇ ಮಾತಿಲ್ಲದೆ ದೋಣಿಯಲ್ಲಿ ಕೂತು, ತೊಡೆಯ ಮೇಲೆ ರಟ್ಟಿನ ಹಲಗೆ ಇಟ್ಟುಕೊಂಡು, ಎಂಜಿನ್ನನ್ನು ಅದರ ಉಸಿರು ಕಟ್ಟುವವರೆಗೆ ಓಡಿಸುತ್ತಿದ್ದಳು. ಸರಕ್ಕನೆ ತಿರುಗಿಸುತ್ತಿದ್ದಳು, ತನ್ನದೇ ಅಲೆಗೆ ಅಡ್ಡ ಹಾಯಿಸುತ್ತಿದ್ದಳು. ಕೊನೆಗೆ ನಡುನೀರಿನಲ್ಲಿ ಎಂಜಿನ್ ಆರಿಸಿ, ಫೋನ್ ಆರಿಸಿ, ಐದು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಓಡುವಾಗ ಎಲ್ಲ ದೋಣಿಯೂ ಶೂರನೇ, ನಿಂತಾಗಲೇ ಅದರ ಗುಣ ತಿಳಿಯುವುದು ಎಂದು ಅವಳ ನಂಬಿಕೆ. ಆ ಐದು ನಿಮಿಷದ ಬಗ್ಗೆ ಅವಳು ಬರೆಯುತ್ತಿದ್ದ ಕೊನೆಯ ಪ್ಯಾರಾಕ್ಕಾಗಿಯೇ ಚಂದಾ ಕಟ್ಟುವವರಿದ್ದರು. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದ ಆ ಪ್ಯಾರಾದಲ್ಲಿ ಕೊಂಚ ಮೆರೆಯುತ್ತಲೂ ಇದ್ದಳು.

ಆದರೆ ಒಂದು ಮಾತು ಹೇಳಲೇಬೇಕು. ಅಷ್ಟು ದೋಣಿ ಹತ್ತಿಳಿದ ಹೆಂಗಸು ಒಂದನ್ನಾದರೂ ತಾನೇ ನೀರಿಗೆ ಇಳಿಸಿದವಳಲ್ಲ. ವಿಮರ್ಶೆ ಬರೆಯುವವರಿಗೆ ದೋಣಿಯನ್ನು ನೆಲದ ಮೇಲೆ ಯಾರೂ ತೋರಿಸುವುದಿಲ್ಲ. ಫೋಟೋಗೆ ನಿಲ್ಲಿಸುವ ಮಗುವಿನ ಹಾಗೆ ಮೈ ಒರೆಸಿ, ಸಿಂಗರಿಸಿ, ನೀರಿಗೆ ಇಳಿಸಿ ಕಟ್ಟಿದ ಮೇಲೆಯೇ ಕರೆಯುತ್ತಾರೆ. ಅದಕ್ಕೂ ಮೊದಲು ಏನೇನು ನಡೆಯುತ್ತದೆ ಎಂಬುದು ಅವಳ ಲೇಖನಗಳಲ್ಲಿ ಇರುತ್ತಿರಲಿಲ್ಲ.

ಅದೊಂದು ರಜೆಯ ಬೆಳಗ್ಗೆ. ಕಾಫಿ ಮುಗಿಸಿ ಮೇಜಿಗೆ ಬಂದು ಕೂತಾಗ ಒಂಬತ್ತೂವರೆ. ಜಾಲತಾಣದ ಮೂಲಕ ಹಿಂದಿನ ಸಂಜೆ ಒಬ್ಬ ಓದುಗ ಬರೆದ ಪತ್ರ ಬಂದಿತ್ತು.

"ಮೇಡಂ, ನಾನು ನಾಲ್ಕು ವರ್ಷದಿಂದ ನಿಮ್ಮ ಚಂದಾದಾರ. ನಿಮ್ಮ ಲೇಖನ ಓದಿಯೇ ನೀಲಿ ಪಟ್ಟೆಯ ಆ ದೋಣಿ ಕೊಂಡೆ. ಬೇರೆ ಯಾರದನ್ನೂ ಓದಲಿಲ್ಲ, ಓದುವ ಅಗತ್ಯ ಕಾಣಲಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ತಾಯಿ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಮೊದಲ ಸಲ ಹೊರಡುತ್ತಿದ್ದೇವೆ. ನೀವು ಹೋಗಿದ್ದ ಐಸ್ ಕಾರ್ಖಾನೆಯ ಹಿಂದಿನ ಇಳಿಜಾರಿನಿಂದಲೇ. ನಡುನೀರಿನಲ್ಲಿ ನಿಮ್ಮ ಹಾಗೆ ಎಂಜಿನ್ ಆರಿಸಿ, ಫೋನ್ ಆರಿಸಿ ಕೂರಬೇಕೆಂದು ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇನೆ. ಎರಡು ಸಣ್ಣ ಅನುಮಾನ. ಅಂಗಡಿಯವರು ತೋರಿಸಿದ ದಿನ ದೋಣಿ ನೀರಿನಲ್ಲಿ ಮಟ್ಟಸವಾಗಿ ನಿಂತಿತ್ತು. ನೀವು ಬರೆದ ಹಾಗೆ ಹಿಂಭಾಗ ತಗ್ಗಿರಲಿಲ್ಲ. ನನ್ನ ದೋಣಿಯಲ್ಲಿ ಏನಾದರೂ ದೋಷವಿದೆಯೇ? ಇನ್ನೊಂದು, ಚೀಲವೊಂದರಲ್ಲಿ ಎರಡು ಬಿರಡೆ ಕೊಟ್ಟಿದ್ದಾರೆ. ಒಂದಕ್ಕೆ ಹಿಂದುಗಡೆ ತೂತು ಕಾಣಿಸಿತು. ಇನ್ನೊಂದರ ಪ್ರಸ್ತಾಪ ನಿಮ್ಮ ಲೇಖನದಲ್ಲಿ ಇಲ್ಲವಾದ್ದರಿಂದ ಅದು ಹೆಚ್ಚುವರಿ ಎಂದುಕೊಂಡು ಮನೆಯಲ್ಲೇ ಇಟ್ಟಿದ್ದೇನೆ."

ಮೊದಲ ಅನುಮಾನ ಓದಿದಾಗ ದೋಣಿಯಕ್ಕನಿಗೆ ಬಂದದ್ದು ಸಿಡುಕು. ತಾನು ಬರೆದ ಸಾಲು ಅವಳಿಗೆ ಬಾಯಿಪಾಠವಾಗಿತ್ತು: "ನಿಂತ ನೀರಿನಲ್ಲಿ ಈ ದೋಣಿ ಹಿಂಭಾಗವನ್ನು ಕೊಂಚ ತಗ್ಗಿಸಿ ಕೂರುತ್ತದೆ, ಊಟ ಮುಗಿಸಿ ಗೋಡೆಗೊರಗಿದ ಮನೆಯ ಹಿರಿಯನ ಹಾಗೆ. ಗಾಬರಿ ಬೇಡ, ಅದು ಅದರ ಸ್ವಭಾವ." ಎಷ್ಟು ಚೆನ್ನಾಗಿ ಬಂದಿತ್ತು ಆ ಸಾಲು! ಎರಡನೆಯ ಅನುಮಾನ ಓದುವಷ್ಟರಲ್ಲಿ ಸಿಡುಕು ಇಳಿಯಿತು. ಮತ್ತೆ ಮೊದಲನೆಯದಕ್ಕೆ ಹೋದಳು. ಮತ್ತೆ ಎರಡನೆಯದಕ್ಕೆ.

ಪರೀಕ್ಷೆಯ ದಿನ ದೋಣಿ ತಂದುಕೊಟ್ಟಿದ್ದ ಮೇಸ್ತ್ರಿಗೆ ಫೋನ್ ಮಾಡಿದಳು.

"ಮೇಸ್ತ್ರಿಗಳೇ, ಆ ನೀಲಿ ಪಟ್ಟೆ ದೋಣಿಗೆ ಎಷ್ಟು ಬಿರಡೆ?"

"ಎರಡು ಮೇಡಂ. ಗಾಡಿ ಮೇಲೆ ಇದ್ದಾಗ ಎರಡೂ ತೆಗೆದಿಡ್ತೀವಿ, ಒಳಗಿನ ನೀರು ಸೋರಿ ಹೋಗ್ಲಿ ಅಂತ. ಇಳಿಸೋ ಮುಂಚೆ ಹಾಕ್ಬೇಕು. ಒಂದು ಹೊರಗೆ ಕಾಣುತ್ತೆ, ಇನ್ನೊಂದು ಬ್ಯಾಟರಿ ಡಬ್ಬಿ ಕೆಳಗೆ."

"ನಾನು ಬಂದ ದಿನ ಎರಡೂ ಹಾಕಿದ್ರಾ?"

"ಅವತ್ತು ಸ್ವಲ್ಪ ಅವಸರ ಇತ್ತು ಮೇಡಂ."

"ಹಾಕಿದ್ರಾ ಇಲ್ವಾ ಹೇಳಿ."

"ಬ್ಯಾಟರಿ ಕೆಳಗಿಂದು ಮರೆತುಹೋಗಿತ್ತು ಮೇಡಂ. ಆಮೇಲೆ ಮೇಲಕ್ಕೆ ಎಳೆದಾಗ ನೋಡಿದ್ವಿ. ನಾನೊಂದು ಸಿಗರೇಟು ಸೇದಿ ಮುಗಿಸಿದ್ರೂ ನೀರು ಸುರೀತಾನೇ ಇತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರೆದುಬಿಡ್ತಿದ್ರಲ್ಲ ಮೇಡಂ."

ದೋಣಿಯಕ್ಕ ಫೋನ್ ಇಟ್ಟಳು. ಆ ದೋಣಿಯ ನೆಲಹಲಗೆಯ ಅಡಿಯಲ್ಲಿ ದೊಡ್ಡ ಟೊಳ್ಳಿದೆ. ಓಡುವಾಗ ನೀರು ಅಷ್ಟಾಗಿ ಒಳಗೆ ಬರುವುದಿಲ್ಲ, ನಿಂತಾಗ ತುಂಬುತ್ತದೆ. ಟೊಳ್ಳು ತುಂಬುವವರೆಗೂ ಮೇಲಿನ ಹಲಗೆ ಒಣಗಿಯೇ ಇರುತ್ತದೆ. ಅವಳು ಕೂತಿದ್ದು ಐದೇ ನಿಮಿಷ, ಒಬ್ಬಳೇ. ಮುಳುಗಲು ಶುರುವಾಗಿದ್ದ ದೋಣಿಯಲ್ಲಿ ಕೂತು ಅದರ ಸ್ವಭಾವ ಬರೆದುಕೊಂಡು ಬಂದಿದ್ದಳು. ಇವತ್ತು ಐದು ಜನ. ದೋಣಿಯ ಹಿಂಭಾಗ ಇಳಿಯುತ್ತಿದ್ದರೆ ಆ ಮನುಷ್ಯ ಹೆದರುವುದಿಲ್ಲ. ಅಬ್ಬ, ಈಗ ಸರಿಯಾಯಿತು, ಮೇಡಂ ಬರೆದ ಹಾಗೇ ಕೂತಿತು ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಇದು ಹೊಳೆದದ್ದೇ ತಡ, ಅವಳು ಎದ್ದು ನಿಂತಳು.

"ರೀ, ಸ್ಕೂಟರ್ ತೆಗೀರಿ," ಎಂದಳು. ಗಂಡ ಅವಳ ಮುಖ ನೋಡಿದ. ಕೈಯಲ್ಲಿದ್ದ ಮೇಲ್ದವಡೆಯನ್ನು ಮೇಜಿನ ಮೇಲಿಟ್ಟು, ಏನು ಎತ್ತ ಎಂದು ಕೇಳದೆ ಎದ್ದ.

ಮೆಟ್ಟಿಲು ಇಳಿಯುತ್ತಲೇ ಸಂಪಾದಕರಿಗೆ ಫೋನ್ ಮಾಡಿದಳು. ಚಂದಾದಾರರ ನಂಬರು ಹೊರಗೆ ಕೊಡೋ ಹಾಗಿಲ್ಲ ಎಂದು ಅವರು ಶುರು ಮಾಡಿದರು.

"ಹಾಗಾದ್ರೆ ನೀವೇ ಮಾಡಿ ಸರ್! ದೋಣಿ ಇಳಿಸಬೇಡ ಅನ್ನಿ. ಇಳಿಸಿದ್ರೆ ತಕ್ಷಣ ವಾಪಸ್ ಬಾ ಅನ್ನಿ!"

ಎರಡು ನಿಮಿಷದಲ್ಲಿ ಅವರಿಂದಲೇ ಫೋನ್ ಬಂತು. ಆತನ ಫೋನ್ ಸ್ವಿಚ್ ಆಫ್. ಹೊರಡುವ ಮೊದಲೇ ಆರಿಸಿಟ್ಟಿರಬೇಕು. ಆರಿಸದೆ ಇನ್ನೇನು ಮಾಡಿಯಾನು, ಅವಳೇ ತಾನೆ ಹಾಗೆ ಬರೆದದ್ದು. ಅಗ್ನಿಶಾಮಕದವರಿಗೆ ಮಾಡಿದಳು. ದೋಣಿ ಮುಳುಗಿದೆಯಾ ಎಂದು ಕೇಳಿದರು. "ಇನ್ನೂ ಗೊತ್ತಿಲ್ಲ," ಎಂದಳು. ಹೊರಡುತ್ತೇವೆ, ಮುಕ್ಕಾಲು ಗಂಟೆಯಾದರೂ ಬೇಕು ಎಂದರು.

ಸ್ಕೂಟರಿನ ಹಿಂದೆ ಕೂತು ಅವಳು ಗಂಡನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಒಂದೊಂದು ಕೆಂಪು ದೀಪಕ್ಕೂ ನಿಂತಾಗ ಅವಳಿಗೆ ಅಳು ಬರುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಎಂದು ಬರೆದಿದ್ದ, ಎಷ್ಟು ವಯಸ್ಸು ಎಂದು ಬರೆದಿರಲಿಲ್ಲ. ಒಮ್ಮೆ ಎಂಟು, ಹತ್ತು ಎಂದುಕೊಂಡಳು. ಒಮ್ಮೆ ಇನ್ನೂ ಚಿಕ್ಕವರು ಎನಿಸಿತು. ಇನ್ನೂ ಚಿಕ್ಕವರಾದಾಗ ಕಣ್ಣು ಮುಚ್ಚಿಕೊಂಡಳು.

"ಯಾರೋ ಪುಕ್ಕಟೆ ಬರೆಯೋರು ಇದನ್ನ ಬರೆದಿರ್ತಾರೆ ರೀ, ಎರಡು ಬಿರಡೆ ಇದೆ ಅಂತ," ಎಂದಳು ಗಂಡನ ಬೆನ್ನಿಗೆ. "ಅವನು ಬೇರೆ ಯಾರದ್ದಾದ್ರೂ ಓದಿದ್ರೆ ಬದುಕಿಕೊಳ್ತಿದ್ದ. ನನ್ನದನ್ನ ಮಾತ್ರ ಓದಿದ."

ಗಂಡ ಕೆಣಕಲಿಲ್ಲ. "ಗಟ್ಟಿಯಾಗಿ ಹಿಡ್ಕೋ," ಎಂದಷ್ಟೇ ಹೇಳಿ ಒಂದು ಲಾರಿಯನ್ನು ಎಡದಿಂದ ಹಿಂದೆ ಹಾಕಿದ.

ಐಸ್ ಕಾರ್ಖಾನೆಯ ಹಿಂದಿನ ಇಳಿಜಾರು ತಲುಪಿದಾಗ ಹತ್ತೂವರೆ ಮೀರಿತ್ತು. ಒಂದು ಬಿಳಿ ಕಾರು, ಅದರ ಹಿಂದೆ ಖಾಲಿ ಟ್ರೈಲರ್, ಚಕ್ರಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕಾರಿನ ಸೀಟಿನ ಮೇಲೆ ಅವಳ ಲೇಖನ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದು. ಕೊನೆಯ ಪ್ಯಾರಾದ ಅಡಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದ.

ದೋಣಿ ಹಿನ್ನೀರಿನ ನಟ್ಟನಡುವೆ ಕಾಣಿಸುತ್ತಿತ್ತು. ಎಂಜಿನ್ ಸದ್ದಿರಲಿಲ್ಲ. ಐದು ತಲೆ ಎಣಿಸಿದಳು. ಮತ್ತೆ ಎಣಿಸಿದಳು. ಐದೂ ಅಲುಗಾಡದೆ ಕೂತಿದ್ದವು. ಮೂತಿ ಎದ್ದಿತ್ತು, ಹಿಂಭಾಗ ತಗ್ಗಿತ್ತು. ಕೊಂಚ ಅಲ್ಲ, ಬಹಳವೇ ತಗ್ಗಿತ್ತು.

ಅವಳು ಎರಡೂ ಕೈ ಬೀಸಿ ಕೂಗಿದಳು. "ವಾಪಸ್ ಬನ್ನೀ! ಎಂಜಿನ್ ಹಾಕೀ!" ಗಾಳಿ ಅತ್ತಲಿಂದ ಇತ್ತ ಬೀಸುತ್ತಿತ್ತು. ದೋಣಿಯಲ್ಲಿದ್ದವರು ತಿರುಗಿ ನೋಡಿದರು. ಆಮೇಲೆ ಐವರೂ ಸಂತೋಷದಿಂದ ಕೈ ಬೀಸಿದರು. ಚಿಕ್ಕ ಹುಡುಗಿಯಂತೂ ಎರಡೂ ಕೈ ಎತ್ತಿ ಬೀಸಿದಳು.

ಇಳಿಜಾರಿನ ಪಕ್ಕದಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ಅಂಬಿಗ ತನ್ನ ಹಳೆಯ ಮರದ ದೋಣಿಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ದೋಣಿಯಕ್ಕ ಅವನ ದೋಣಿಗೆ ಹತ್ತಿದ್ದಲ್ಲ, ಬಿದ್ದಳು.

"ಅದು ಮುಳುಗ್ತಿದೆ! ಬೇಗ ಹೋಗಣ್ಣ!"

ಅಂಬಿಗ ಕಣ್ಣು ಕಿರಿದು ಮಾಡಿ ನೋಡಿದ. "ಅದೇ ಅನ್ಕೊಂಡೆ ನಾನೂ. ಹೊರಡೋವಾಗ ಕೇಳಿದ್ದಕ್ಕೆ, ಅದು ಹಾಗೇ ಕೂರೋದು, ಪುಸ್ತಕದಲ್ಲಿದೆ ಅಂದ್ರು ಆ ಸಾಹೇಬ್ರು. ಓದಿದೋರು, ನಾನೇನು ಹೇಳ್ಲಿ?" ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಮೋಟಾರಿನ ಹಗ್ಗ ಎಳೆದ. ಹತ್ತಲಿಲ್ಲ. ಎರಡನೆಯ ಸಲವೂ ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿತು.

ಆ ದೂರವೆಷ್ಟು? ನಾಲ್ಕು ನಿಮಿಷದ್ದು. ಹನ್ನೊಂದು ವರ್ಷ ದೋಣಿಗಳ ವೇಗ ಅಳೆದವಳಿಗೆ ಆ ನಾಲ್ಕು ನಿಮಿಷವನ್ನು ಅಳೆಯಲು ಆಗಲಿಲ್ಲ. ಮನಸ್ಸಿನಲ್ಲಿ ಒಂದೇ ಮಾತು ತಿರುಗುತ್ತಿತ್ತು: ಯಾರೂ ಹಿಂದಕ್ಕೆ ಹೋಗದಿರಲಿ, ಯಾರೂ ಹಿಂದಕ್ಕೆ ಹೋಗದಿರಲಿ.

ಹತ್ತಿರ ಬಂದಾಗ ನೀಲಿ ಪಟ್ಟೆ ಹಿಂದುಗಡೆ ನೀರಿನೊಳಗೆ ಹೋಗಿ ಕಾಣದಾಗಿತ್ತು. ಕನ್ನಡಕದ ಮನುಷ್ಯನೊಬ್ಬ ಅವಳನ್ನು ನೋಡಿ ಮುಖವರಳಿಸಿದ. ಜಾಲತಾಣದ ಫೋಟೋದಿಂದ ಗುರುತು ಹಿಡಿದಿದ್ದ.

"ಮೇಡಂ! ನೀವೇ ಬಂದ್ರಾ? ನೋಡಿ, ನೀವು ಬರೆದ ಹಾಗೇ ಕೂತಿದೆ! ನಾನು ಸುಮ್ನೆ ಅನುಮಾನ ಪಟ್ಟೆ!"

"ಆಗಲಿಂದ ಹೇಳ್ತಿದೀನಿ, ಕಾಲು ಒದ್ದೆ ಆಗ್ತಿದೆ ಅಂತ," ಎಂದರು ಹಿಂದಿನ ಸೀಟಿನಲ್ಲಿದ್ದ ಅವನ ತಾಯಿ. ಕಾಲೆರಡನ್ನೂ ಸೀಟಿನ ಮೇಲೆ ಎಳೆದುಕೊಂಡು ಕೂತಿದ್ದರು. ಲೈಫ್ ಜಾಕೆಟ್ಟು ಬೆನ್ನ ಹಿಂದೆ ಒರಗುದಿಂಬಾಗಿತ್ತು. "ನನ್ನ ಮಾತು ಯಾರಿಗೆ ಬೇಕು? ಸುಮ್ನಿರಮ್ಮ, ದುಡ್ಡು ಕೊಟ್ಟು ಓದಿದೀನಿ ಅಂತಾನೆ."

"ಯಾರೂ ನಿಂತ್ಕೋಬೇಡಿ," ಎಂದಳು ದೋಣಿಯಕ್ಕ. ಕೂಗಬಾರದು ಎಂದು ಅವಳಿಗೆ ಗೊತ್ತಿತ್ತು. ಕೂಗಿದರೆ ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಮೆಲ್ಲಗೆ ಹೇಳಿದಳು. "ಮಕ್ಕಳು ಮೊದಲು. ತೆವಳಿಕೊಂಡು ಮುಂದೆ ಬಾ ಪುಟ್ಟಿ. ಹಾಗೇ. ನನ್ನ ಕೈ ಹಿಡ್ಕೋ."

ಚಿಕ್ಕವಳಿಗೆ ಆರು ವರ್ಷವಿದ್ದೀತು. ಅವಳ ಕೈ ಬೆಚ್ಚಗಿತ್ತು. ಆಮೇಲೆ ದೊಡ್ಡವಳು, ಆಮೇಲೆ ಅವರಮ್ಮ. ಅಷ್ಟರಲ್ಲಿ ಒಂದು ಸಣ್ಣ ಅಲೆ ಬಂತು. ಏನೂ ಅಲ್ಲದ ಅಲೆ. ಅದು ಎಂಜಿನ್ನಿನ ಪಕ್ಕದಿಂದ ಒಳಕ್ಕೆ ಹರಿಯಿತು, ಹರಿದದ್ದು ಹೊರಗೆ ಬರಲಿಲ್ಲ. ಕನ್ನಡಕದವನ ಮುಖದ ನಗು ಆಗ ಹೋಯಿತು. ತಾಯಿಯ ಕಂಕುಳಿಗೆ ಕೈಹಾಕಿ ಎತ್ತಿ ಮುಂದಕ್ಕೆ ತಳ್ಳಿದ. ಅಂಬಿಗ ಮುದುಕಿಯನ್ನು ಅಕ್ಕಿ ಮೂಟೆಯಂತೆ ಎಳೆದುಕೊಂಡ. ಮಗನ ಸರದಿ ಬರುವಷ್ಟರಲ್ಲಿ ಅವನ ಕಾಲ ಕೆಳಗೆ ದೋಣಿಯೇ ಇರಲಿಲ್ಲ. ನೀರಿನಲ್ಲಿ ಒಮ್ಮೆ ಪೂರ್ತಿ ಮುಳುಗಿ, ಎದ್ದು, ಕೆಮ್ಮುತ್ತಾ ಕೈಚಾಚಿದ. ದೋಣಿಯಕ್ಕ ಅವನ ಕಾಲರು ಹಿಡಿದಳು. ಅಂಬಿಗ ಅವನನ್ನು ದೋಣಿಯೊಳಕ್ಕೆ ಎಳೆದುಕೊಂಡು ಬಿಡಿಸುವವರೆಗೂ ಅವಳ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಹೊಸ ದೋಣಿಯ ಮೂತಿಯೊಂದು ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತಿತ್ತು.

ಇಳಿಜಾರಿನ ಸಿಮೆಂಟಿನ ಮೇಲೆ ಎಲ್ಲರೂ ಕುಸಿದು ಕೂತರು. ಮಕ್ಕಳು ಅಮ್ಮನ ತೊಡೆಗೆ ಅಂಟಿಕೊಂಡಿದ್ದವು. ದೋಣಿಯಕ್ಕನ ಗಂಡ ತನ್ನ ಜಾಕೆಟ್ ಬಿಚ್ಚಿ ಮುದುಕಿಗೆ ಹೊದಿಸಿದ. ಕನ್ನಡಕ ಕಳೆದುಕೊಂಡ ಮನುಷ್ಯ ನಡುಗುತ್ತಾ, ಕಣ್ಣು ಕಿರಿದು ಮಾಡಿ ದೋಣಿಯಕ್ಕನನ್ನು ಹುಡುಕಿ ಕೈಮುಗಿದ.

"ಇದಕ್ಕೇ ಮೇಡಂ ನಾನು ದುಡ್ಡು ಕೊಟ್ಟು ಓದೋದು. ಪುಕ್ಕಟೆ ಬರೆಯೋನು ಯಾವನಾದ್ರೂ ಹೀಗೆ ಓಡಿ ಬರ್ತಿದ್ನಾ?"

ಅವಳಿಗೆ ಆ ಕ್ಷಣದಲ್ಲಿ ಸುಮ್ಮನಿದ್ದುಬಿಡುವ ಆಸೆಯಾಯಿತು. ನಿಜವಾಗಿಯೂ ಆಯಿತು. ಆತ ಬಿರಡೆ ಮರೆತ, ತಾನು ಬಂದು ಕಾಪಾಡಿದಳು ಎಂದರೆ ಯಾರೂ ಅಲ್ಲವೆನ್ನುವಂತಿರಲಿಲ್ಲ. ಗಂಡ ಅವಳ ಕಡೆ ನೋಡದೆ ನೀರಿನ ಕಡೆ ನೋಡುತ್ತಿದ್ದ.

"ಕೈ ಇಳಿಸಿ," ಎಂದಳು. "ನಾನು ಬರೆದಿದ್ದು ತಪ್ಪು. ನಾನು ಹತ್ತಿದ ದೋಣಿಗೂ ಅವತ್ತು ಆ ಎರಡನೇ ಬಿರಡೆ ಹಾಕಿರ್ಲಿಲ್ಲ. ಅದರ ಒಳಗೂ ನೀರು ತುಂಬ್ತಿತ್ತು. ನಂಗೆ ಗೊತ್ತಾಗ್ಲಿಲ್ಲ. ಸ್ವಭಾವ ಅಂತ ಬರೆದೆ. ಇವತ್ತು ಬೆಳಗ್ಗೆ ನಿಮ್ಮ ಪತ್ರ ಓದೋವರೆಗೂ ಅದು ಸ್ವಭಾವ ಅಂತಲೇ ಅಂದ್ಕೊಂಡಿದ್ದೆ."

ಹೆಂಡತಿ ಮಕ್ಕಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವರು ಬೈಯಲಿ, ಹೊಡೆಯಲಿ ಎಂದು ದೋಣಿಯಕ್ಕ ಕಾದಳು. ಯಾರೂ ಬೈಯಲಿಲ್ಲ. ದೂರದಲ್ಲಿ ಅಗ್ನಿಶಾಮಕದ ಗಾಡಿಯ ಗಂಟೆ ಕೇಳಿಸತೊಡಗಿತು.

ಮಾತಾಡಿದ್ದು ಮುದುಕಿ.

"ಅಲ್ಲಮ್ಮ, ಅವತ್ತು ಆ ದೋಣಿಯೋರು ನಿಂಗೆ ಹೇಳ್ಲಿಲ್ಲ ಅಲ್ವಾ?"

"ಇಲ್ಲಮ್ಮ. ಹೇಳಿದ್ರೆ ಬರೀತೀನಿ ಅಂತ ಮುಚ್ಚಿಟ್ರು."

"ಹಾಗಾದ್ರೆ ಬೇರೆಯೋರೂ ಏನೇನು ಮುಚ್ಚಿಟ್ಟಿದಾರೋ. ಇದೊಂದೇನಾ ನೀನು ಬರೆದಿರೋದು?"

ದೋಣಿಯಕ್ಕ ಹನ್ನೊಂದು ವರ್ಷದ ಲೇಖನಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಇನ್ನೂರ ಹದಿನಾಲ್ಕು," ಎಂದಳು.

ಮುದುಕಿ ಜಾಕೆಟ್ಟನ್ನು ಕೊರಳವರೆಗೆ ಎಳೆದುಕೊಂಡು, ನಡುಗುವ ತುಟಿಯಲ್ಲೇ ಗದರಿದರು.

"ಮತ್ತೆ ಇಲ್ಲಿ ಕೂತು ಏನು ಮಾಡ್ತಿದೀಯ? ಹೋಗು, ಎಲ್ಲರಿಗೂ ಹೇಳು."